ಒಂದಕ್ಕೆ ಎಪ್ಪತ್ತೈದು

ಗುರುವಾರ ಸಂಜೆ ಏಳಕ್ಕೆ
ಹಳೆಯ ಉಪ್ಪಿನ ಗೋದಾಮಿನ ಬೀಗ ತೆಗೆಯುತ್ತೇವೆ.
ಇಲ್ಯಾವು ಊರಿನ ಗೋಡೆಗಳು ಈಗಲೂ ಉಪ್ಪು ಬೆವರುತ್ತವೆ.
ಮೇಜಿನ ಮೇಲೆ ಹಡಗು,
ಮೂರು ವರ್ಷದಿಂದ ಹೊರಟು ನಿಂತದ್ದು
ನಿಂತೇ ಇದೆ.

ಅಳತೆ ಒಂದಕ್ಕೆ ಎಪ್ಪತ್ತೈದು.
ಅಂದರೆ ಆಳೊಬ್ಬ ಬೆರಳಿನ ಒಂದು ಗೆಣ್ಣುದ್ದ,
ಕೂವೆಮರ ಮೊಳಕ್ಕೆ ಸ್ವಲ್ಪ ಕಮ್ಮಿ,
ಹಗ್ಗವೆಂದರೆ ಮೇಣ ಸವರಿದ ಹೊಲಿಗೆಯ ದಾರ.
ಗಣಿತದ ಮೇಷ್ಟರಾಗಿದ್ದ ಅದೆರಿತು
ಲಿಸ್ಬನ್ನಿನಿಂದ ತರಿಸಿದ ನಕ್ಷೆ ಹರವಿಕೊಂಡು
ಒಂದೊಂದು ಗಂಟನ್ನೂ
ಪರೀಕ್ಷೆಯ ಉತ್ತರದಂತೆ ತಿದ್ದುತ್ತಾರೆ.

ಕುಸ್ತೋದಿಯು ಹಿನ್ನೀರಿನ ದೋಣಿಗಳ ಮೂತಿಗೆ ಚಿತ್ರ ಬರೆಯುವವನು.
ಅವನ ಹುಡುಗಿಯರು ಸೊಂಟಕ್ಕೆ ಕೈಯಿಟ್ಟು
ದಡದವರಿಗೆ ಪೋಲಿ ಮಾತು ಎಸೆಯುತ್ತಾರೆ.
ವಾರಕ್ಕೊಂದು ಹಲಗೆ ತಂದು ಗೋಡೆಗೊರಗಿಸಿ
"ಹೇಗಿದೆ?" ಅನ್ನುತ್ತಾನೆ.
ನಾವು ಅಲೆಯನ್ನು ಬೈಯುತ್ತೇವೆ, ಹುಡುಗಿಯನ್ನು ಹೊಗಳುತ್ತೇವೆ.

ನಾನು, ಪಿಂಗಾಣಿ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ
ತಟ್ಟೆಯಂಚಿಗೆ ನೀಲಿ ಬಳ್ಳಿ ಹಬ್ಬಿಸಿದವಳು.
ಎರಡೇ ಕೂದಲಿನ ಕುಂಚ ನನ್ನದು.
ಇಲ್ಲಿ ನನ್ನ ಪಾಲಿಗೆ ಬಂದದ್ದು
ಪುಟ್ಟ ದೋಣಿಗಳಿಗೆ ನಂಬರು ಹಾಕುವ ಕೆಲಸ.

ಐವತ್ಮೂರು ದೋಣಿ,
ಊಟದ ತಟ್ಟೆ ಪೇರಿಸಿದಂತೆ ಡೆಕ್ಕಿನ ತುಂಬ.
ಬೆಳಕು ಹರಿಯುವ ಮೊದಲೇ ಇಳಿಯುತ್ತಿದ್ದವಂತೆ
ನ್ಯೂಫೌಂಡ್‌ಲ್ಯಾಂಡಿನ ಮಂಜಿನೊಳಕ್ಕೆ,
ದೋಣಿಗೊಬ್ಬನೇ ಆಳು,
ಒಂದು ಗಾಳ, ಒಂದು ಶಂಖ, ಒಂದು ಬ್ರೆಡ್ಡಿನ ತುಂಡು.

ಅಷ್ಟನ್ನೂ ಕೆತ್ತಿದವರು ಎರ್ಮಿನಿಯು.
ಎಂಬತ್ತೆಂಟರ ಕೈ; ಚಮಚ ಹಿಡಿದರೆ ನಡುಗುತ್ತದೆ,
ಚಾಕು ಹಿಡಿದರೆ ಇಲ್ಲ.
ಮೂವತ್ತನೆಯದು ಅವರದೇ ದೋಣಿ.
ಮೂವತ್ತೊಂದನ್ನೂ ಕೆತ್ತಿದರು,
ನನ್ನಿಂದ ನಂಬರು ಬರೆಸಿಕೊಂಡರು,
ಊದಿ ಆರಿಸಿ
ಜೇಬಿಗಿಟ್ಟುಕೊಂಡರು.

"ಎಣಿಕೆ ತಪ್ಪುತ್ತದೆ" ಎಂದರು ಅದೆರಿತು.
"ಎಣಿಕೆ ಅವತ್ತೇ ತಪ್ಪಿತು" ಎಂದರು ಎರ್ಮಿನಿಯು.

ಮೂರು ಗುರುವಾರ ಮಾತಿಲ್ಲ.
ಅಂಟಿನ ಡಬ್ಬಿ ತೆರೆದಲ್ಲೇ ಗಟ್ಟಿಯಾಯಿತು.
ಕುಸ್ತೋದಿಯು ತಂದ ಹೊಸ ಹುಡುಗಿಯನ್ನು
ಯಾರೂ ತಿರುಗಿ ನೋಡಲಿಲ್ಲ.

ನಾಲ್ಕನೆಯ ವಾರ ಮೇಷ್ಟರು, ನಕ್ಷೆಯಿಂದ ತಲೆಯೆತ್ತದೆ:
"ಎಷ್ಟು ದೂರ?"
"ಶಂಖ ಊದುತ್ತಲೇ ಇದ್ದ. ಆಮೇಲೆ ಊದಲಿಲ್ಲ.
ಮೂರು ಮೈಲಿ ಅಂತ ಕಪ್ತಾನ ಪುಸ್ತಕದಲ್ಲಿ ಬರೆದ.
ಅವನ ಗಾಳದ ಸೀಸದ ಗುಂಡು ನನ್ನ ಹತ್ತಿರವೇ ಇತ್ತು,
ಸಂಜೆ ಕೊಡುವುದಿತ್ತು."

ಪೆನ್ಸಿಲು. ಸಮುದ್ರದ ಮೈಲಿ ಮೂರು:
ಐದು ಸಾವಿರದ ಐನೂರ ಐವತ್ತಾರು ಮೀಟರು.
ಭಾಗಿಸು ಎಪ್ಪತ್ತೈದರಿಂದ.
"ಎಪ್ಪತ್ತನಾಲ್ಕು" ಎಂದವರೇ
ಅಳತೆಯ ಟೇಪು ಹಿಡಿದು ಬಾಗಿಲಾಚೆ ನಡೆದರು.

ಐದು ಮೀಟರಿನ ಟೇಪು.
ಮಂಡಿನೋವಿನ ಮನುಷ್ಯ ಹದಿನಾಲ್ಕು ಸಲ ಬಗ್ಗಿ ಎದ್ದರು,
ಮೇಲೆ ನಾಲ್ಕು.
ಎರ್ಮಿನಿಯು ಗದ್ದದಿಂದ ದಿಕ್ಕು ತೋರಿಸಿದರು, ಅಷ್ಟೇ.
ಚರಂಡಿ ದಾಟಿ, ನಿಂತ ವ್ಯಾನಿನ ಅಡಿಯಲ್ಲಿ ತೂರಿ
ಟೇಪು ಹೋಗಿ ಮುಟ್ಟಿದ್ದು
ಅಲ್ಬೆರ್ತಿನಾಳ ಬೇಕರಿಯ ಗಾಜಿನ ಕಪಾಟು.

ಅವಳು ಏನೂ ಕೇಳಲಿಲ್ಲ.
ಎರಡು ಜೋಳದ ರೊಟ್ಟಿ ಆಚೆ ಸರಿಸಿ
ಜಾಗ ಮಾಡಿದಳು.

ಹಡಗು ಕಟ್ಟುವವರಿಗೆಲ್ಲ ಗೊತ್ತು,
ಮರ ಕುಗ್ಗುತ್ತದೆ, ಹಾಯಿ ಕುಗ್ಗುತ್ತದೆ, ಆಳೂ ಕುಗ್ಗುತ್ತಾನೆ.
ನೀರು ಕುಗ್ಗುವುದಿಲ್ಲ. ಹನಿ ಹನಿಯಷ್ಟೇ ಇರುತ್ತದೆ.
ಎಪ್ಪತ್ತೈದು ಪಾಲು ಸಣ್ಣ ಮಾಡಿದ ಅಲೆ
ಬರಿಯ ಒದ್ದೆ.

ಈಗ ಮೂವತ್ತೊಂದು ಅಲ್ಲೇ ಇದೆ.
ನಸುಕಿಗೆ ಒಲೆ ಹೊತ್ತಿಸಿದಾಗ ಗಾಜಿಗೆ ಹಬೆ ಕಟ್ಟುತ್ತದೆ,
ಹಿಟ್ಟು ಮೆಲ್ಲಗೆ ಇಳಿಯುತ್ತದೆ,
ಅಲ್ಬೆರ್ತಿನಾ ಒರೆಸುವುದಿಲ್ಲ.
ನನ್ನ ನಂಬರು ಮಸುಕಾಗಿದೆ; ನಾನೂ ತಿದ್ದಲು ಹೋಗಿಲ್ಲ.

ಎರ್ಮಿನಿಯು ರೊಟ್ಟಿಗೆ ಬರುತ್ತಾರೆ,
ರೊಟ್ಟಿಯನ್ನಷ್ಟೇ ನೋಡುತ್ತಾರೆ,
ಚಿಲ್ಲರೆ ಎಣಿಸಿ ಕೊಡುತ್ತಾರೆ.
ಮೊನ್ನೆ ಚಿಲ್ಲರೆಯ ಜೊತೆ ಒಂದು ಸೀಸದ ಗುಂಡು.
ಅವಳು ಅದನ್ನೂ ಎತ್ತಿ ಕಪಾಟಿನಲ್ಲಿಟ್ಟಳು,
ಕಿರುಬೆರಳಿನಷ್ಟು ದೋಣಿಯ ಪಕ್ಕದಲ್ಲಿ
ಮುಷ್ಟಿಯಷ್ಟು ಸೀಸ.

ಮೇಷ್ಟರು ನೋಡಿದ್ದಾರೆ.
ಅಳತೆ ತಪ್ಪಿದೆ ಎಂದು
ಇನ್ನೂ ಹೇಳಿಲ್ಲ.